ನೀರಿಲ್ಲದ ಹಂಗಾಮಿಗೆ ಧೈರ್ಯ ಎಲ್ಲಿಂದ ತರೋದು?

ಕಾರಟಗಿ ಕಾಲುವೆ:
ತುಂಗಭದ್ರಾ ಡ್ಯಾಮಿನ 33 ಗೇಟು ಬದಲಿ ಮಾಡೋ ಸಲುವಾಗಿ ಎರಡನೇ ಬೆಳೆಗೆ ನೀರಿಲ್ಲ ಅಂದ್ರು. ಭತ್ತ ಬಿಟ್ಟು ಇನ್ನೊಂದು ಗೊತ್ತಿಲ್ಲದ ಊರುಗಳೊಳಗ ಮಂದಿ ಕಟ್ಟಿ ಮ್ಯಾಲೆ ಕುಂತಾರ. ಗದ್ದಿಗೆ ರಜಾ ಐತಿ, ಬಡ್ಡಿಗೆ ಇಲ್ಲ. ಹಿಂಗ ಕುಸಿದು ಕುಂತವರಿಗೆ "ದೇವರ ಮ್ಯಾಲೆ ಭಾರ ಹಾಕು", "ಧೈರ್ಯ ತಗೋ" ಅನ್ನೋದು ಬಿಟ್ಟು, ನಾಳೆ ಮುಂಜಾನೆ ಎದ್ದು ಇಂಥಾದ್ದು ಮಾಡು ಅಂತ ಹೇಳೋದು ಏನರ ಐತೇನ್ರಿ? ತಿಳಿದವರು ಹೇಳ್ರಿ. ಉಪದೇಶ ಬ್ಯಾಡ.

ಗವಿಮಠದ ಹಾದಿ:
ಐತ್ರಿ, ಯಾಕ ಇಲ್ಲ. ನೇಮ ಹಿಡೀಬೇಕು. ಒಂದು ಮಂಡಲ, 48 ದಿನ. ಹೊತ್ತು ಒಂದೇ, ಜಾಗ ಒಂದೇ. ನಸುಕಿನ ನಾಕಕ್ಕ ಜಳಕ, ಹಣಿಗೆ ವಿಭೂತಿ, ಇಷ್ಟಲಿಂಗ ಎಡ ಅಂಗೈಯಾಗ ಕಣ್ಣಿನ ಮಟ್ಟಕ್ಕ. ದೀಪ ಬೆನ್ನ ಹಿಂದ ಇರಬೇಕು. ಮುಂದ ಇಟ್ರ ಕಣ್ಣು ಕುಕ್ಕತೈತಿ, ಹಿಂದ ಇಟ್ರ ಬೆಳಕಿನ ಚುಕ್ಕಿ ಲಿಂಗದ ಮ್ಯಾಲೆ ಮೂಡತೈತಿ. ಆ ಚುಕ್ಕಿ ಮ್ಯಾಲೆ ದೃಷ್ಟಿ. ಮೊದಲ ವಾರ ಐದು ನಿಮಿಷ ಸಾಕು, ಕಣ್ಣಾಗ ನೀರು ಬಂದ್ರ ಮುಚ್ಚಿ ಮತ್ತ ತೆರೀರಿ. ಲಿಂಗ ಕಟ್ಟದವರು ದೀಪ ನೋಡಲಿ, ನಮಾಜಿನವರು ನಮಾಜು ಮಾಡಲಿ. ದಿನಕ್ಕೊಂದು ಗೂಟ ಬೇಕ್ರಿ, ಮನಸ್ಸು ಕಟ್ಟಾಕ.

ಬಳ್ಳಾರಿ ಗಡಿಯಾರ:
"ನಸುಕಿನ ನಾಕಕ್ಕ" ಅಂದ್ರಲ್ಲ, ಅಲ್ಲೇ ಎಡವಟ್ಟು. ಖಿನ್ನತೆ ಹಿಡಿದವರಿಗೆ ಮೂರು-ನಾಲ್ಕು ಗಂಟೆಗೆ ತಾನಾಗೇ ಎಚ್ಚರ ಆಗುತ್ತೆ. ಅದು ಬ್ರಾಹ್ಮೀ ಮುಹೂರ್ತ ಅಲ್ಲ ಸ್ವಾಮಿ, ಕಾಯಿಲೆ ಲಕ್ಷಣ. ಅಂಥವರಿಗೆ ದಿನದಲ್ಲಿ ಅತಿ ಭಾರ ಅನ್ನಿಸೋದು ಆ ಹೊತ್ತೇ, ಸಂಜೆಗೆ ಸ್ವಲ್ಪ ಹಗುರ. ಕತ್ತಲಲ್ಲಿ ಒಬ್ಬರನ್ನೇ ಕೂರಿಸಿದ್ರೆ ಧ್ಯಾನ ಆಗಲ್ಲ, ಸಾಲದ ಲೆಕ್ಕ ಆಗುತ್ತೆ. ಎರಡು ವಾರ ಬಿಡದೆ ನಿದ್ದೆ ಕೆಟ್ಟು, ಊಟ ಸೇರದೆ, ಇಷ್ಟದ ಕೆಲಸವೂ ಬೇಡ ಅನ್ನಿಸಿದ್ರೆ ಮೊದಲು ಡಾಕ್ಟರು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಇರುತ್ತೆ. ಹೋಗೋಕೆ ಆಗದಿದ್ರೆ 14416, ಟೆಲಿ ಮಾನಸ್, ಹಗಲು ರಾತ್ರಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಸಾಯೋ ಮಾತು ಬಾಯಿಗೆ ಬಂದಿದ್ರೆ ಮಂಗಳವಾರದ ತನಕ ಕಾಯಬೇಡಿ. ಅವತ್ತೇ ಕರ್ಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ, ಬೆಳೆಗೆ ಹೊಡೆಯೋ ಎಣ್ಣೆ ಡಬ್ಬಿ ಮನೆಯಿಂದ ಆಚೆ ಇಟ್ಟು ಬೀಗ ಜಡಿಯಿರಿ.

ಗವಿಮಠದ ಹಾದಿ:
"ಕಾಯಿಲೆ ಲಕ್ಷಣ" ಅಂತ! ಅಂದ್ರ ನಾಕಕ್ಕ ಎದ್ದು ಜ್ವಾಳ ಬೀಸಿದ ಹೆಣ್ಮಕ್ಕಳೆಲ್ಲ ರೋಗಿಷ್ಟರೇನು? ಶಹರದ ಮಂದಿಗೆ ಎಲ್ಲಾದಕ್ಕೂ ಗುಳಿಗಿ.

ಬಳ್ಳಾರಿ ಗಡಿಯಾರ:
"ಶಹರದ ಮಂದಿ" ಅಂದ್ರಿ, ಸ್ವಲ್ಪ ಚರಿತ್ರೆ ಓದಿ. 1985ರಲ್ಲಿ ನಿಮ್ಹಾನ್ಸ್‌ನವರು ಇದೇ ಬಳ್ಳಾರಿ ಜಿಲ್ಲೆ ಆರಿಸ್ಕೊಂಡು, ಹಳ್ಳಿ ಆಸ್ಪತ್ರೆ ಡಾಕ್ಟರಿಗೇ, ಆರೋಗ್ಯ ಕಾರ್ಯಕರ್ತರಿಗೇ ಮಾನಸಿಕ ಕಾಯಿಲೆ ಗುರುತಿಸೋದು ಕಲಿಸಿದ್ರು. ಸುಮಾರು 20 ಲಕ್ಷ ಜನರ ಜಿಲ್ಲೆ. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಅಚ್ಚು, ಹೆಸರೇ ಬಳ್ಳಾರಿ ಮಾದರಿ. ಗುಳಿಗೆ ಅಂದ್ರೆ ಮೂಗು ಮುರೀತೀರಲ್ಲ, ಅದು ಹಿಡಿಯೋಕೆ ಎರಡರಿಂದ ನಾಲ್ಕು ವಾರ ಬೇಕು. ಹತ್ತು ದಿನಕ್ಕೆ "ಏನೂ ಆಗ್ಲಿಲ್ಲ" ಅಂತ ಬಿಡೋದು ಒಂದು ತಪ್ಪು. ಹುಷಾರಾದ ಕೂಡಲೇ ಬಿಡೋದು ಅದಕ್ಕಿಂತ ದೊಡ್ಡ ತಪ್ಪು, ಆಮೇಲೂ ತಿಂಗಳುಗಟ್ಟಲೆ ನಡೀಬೇಕು, ಡಾಕ್ಟರ್ ಹೇಳಿದಂಗೆ ಇಳಿಸ್ತಾ ಬರಬೇಕು. ನೇಮ ಅಂತ 48 ದಿನ ಗುಳಿಗೆ ನಿಲ್ಲಿಸ್ತಾರಲ್ಲ, ಕೆಡೋದು ಅಲ್ಲೇ.

ಹೊಸಪೇಟೆ ಬೆಲ್ಲ:
"ಇದೇ ಬಳ್ಳಾರಿ ಜಿಲ್ಲೆ" ಅಲ್ಲ ಸರ್. ಆಗಿನ ಬಳ್ಳಾರಿ ಅಂದ್ರೆ ನಾವೂ ಸೇರಿ. 2021ರಲ್ಲಿ ಪಾಲು ಆಗಿ ನಮ್ಮದು ವಿಜಯನಗರ ಜಿಲ್ಲೆ ಆಯ್ತು, ಹೆಸರು ಮಾತ್ರ ನೀವೇ ಇಟ್ಕೊಂಡ್ರಿ.

ಸಿರುಗುಪ್ಪದಕ್ಕ:
ಪಾಲು ಆಮೇಲೆ ಹಂಚ್ಕೊಳ್ಳಿ. ಕೇಳಿದ್ದು ನಾಳೆ ಮುಂಜಾನೆ ಏನು ಮಾಡ್ಬೇಕು ಅಂತ. ರಾತ್ರಿನೇ ಗೋಡೆ ಕ್ಯಾಲೆಂಡರ್ ಮೇಲೆ ಎರಡು ಕೆಲಸ ಬರೀರಿ, ಎರಡೇ. ಒಂದು ಹತ್ತು ನಿಮಿಷದ್ದು, ಒಂದು ಇನ್ನೊಂದು ಜೀವ ನಮ್ಮನ್ನ ಕಾಯೋವಂಥದ್ದು. ಮನಸ್ಸು ಬರ್ಲಿ ಅಂತ ಕಾಯ್ಬಾರ್ದು, ಕೈ ಆಡಿದ ಮೇಲೆ ಮನಸ್ಸು ಬರುತ್ತೆ. ಹತ್ತು ಕೆಲಸ ಬರ್ದು ಒಂಬತ್ತು ಉಳಿದ್ರೆ ಇನ್ನಷ್ಟು ಕುಸೀತಾರೆ, ಅದಕ್ಕೆ ಎರಡು.
ಜೀವ ಅಂದ್ರೆ ಎಮ್ಮೆ ಅನ್ಕೊಳ್ಳಿ. ಒಂದಕ್ಕೆ ದಿನಕ್ಕೆ 25-30 ಕೆಜಿ ಹಸಿಮೇವು, 4-5 ಕೆಜಿ ಒಣಮೇವು. ಸಾಲ ಮಾಡಿ ಎರಡು ಒಟ್ಟಿಗೆ ತರಬೇಡಿ, ಎರಡೂ ಒಟ್ಟಿಗೆ ಬತ್ತುತ್ತಾವೆ. ಐದಾರು ತಿಂಗಳು ಬಿಟ್ಟು ಎರಡನೇದು. ನೀರಿಲ್ಲದಾಗ ಹಸಿಮೇವು ಎಲ್ಲಿ ಅಂತೀರಿ, ಗದ್ದೇಲಿ ಸುಡೋ ಹುಲ್ಲು ಐತಲ್ಲ. 100 ಕೆಜಿ ಭತ್ತದ ಹುಲ್ಲಿಗೆ 4 ಕೆಜಿ ಯೂರಿಯಾ 50 ಲೀಟರ್ ನೀರಾಗೆ ಪೂರ್ತಿ ಕರಗಿಸಿ, ಪದರ ಪದರ ಚಿಮುಕಿಸಿ, ತುಳಿದು, ತಾಡಪಾಲು ಮುಚ್ಚಿ ಮಣ್ಣು ಒತ್ತಿ 21 ದಿನ ಬಿಡಿ. ಗಾಳಿ ಹೋದ್ರೆ ಬೂಷ್ಟು ಹಿಡಿದು ಹಾಳು. ತೆಗೆದ ಮೇಲೆ ಘಾಟು ಹೋಗೋ ತನಕ ಆರಿಸಿ ಹಾಕ್ಬೇಕು, ಯೂರಿಯಾ ಕಾಳು ನೇರ ಬಾಯಿಗೆ ಸಿಕ್ಕರೆ ದನ ಸಾಯುತ್ತೆ. ಆರು ತಿಂಗಳೊಳಗಿನ ಕರುಗೆ ಹಾಕಬಾರ್ದು. ಕಾಯಕವೇ ಕೈಲಾಸ ಅಂತ ಬಸವಣ್ಣನೋರು ಸುಮ್ನೆ ಹೇಳಿದ್ರಾ?

ಲಿಂಗಸುಗೂರು ಓದುಗ:
ಬಸವಣ್ಣನೋರು ಹೇಳೇ ಇಲ್ಲ. ಅದು ಆಯ್ದಕ್ಕಿ ಮಾರಯ್ಯನ ವಚನ. ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವನು, ಅಂಗಳದಾಗ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡಿದವನು. ಇಷ್ಟು ವರ್ಷ ತಪ್ಪು ಹೆಸರಿನಾಗ ಓಡ್ಯಾಡ್ತೈತಿ.

ಸಿರುಗುಪ್ಪದಕ್ಕ:
ಯಾರು ಹೇಳಿದ್ರೇನಣ್ಣ, 21 ದಿನ ಅಂದಿದ್ದು ತಪ್ಪಿದ್ರೆ ಹೇಳು.

ಗವಿಮಠದ ಹಾದಿ:
"ತಪ್ಪು ಹೆಸರು" ಅನ್ನೋಕ ನೀವ್ಯಾರ್ರಿ? ಇಡೀ ನಾಡಿನ ಶಾಲಿ ಗೋಡಿ ಮ್ಯಾಲೆ ಬಸವಣ್ಣ ಅಂತ ಬರದೈತಿ.

ಲಿಂಗಸುಗೂರು ಓದುಗ:
ಶಾಲಿ ಗೋಡಿ ಬರದಾಂವ ಪೇಂಟರ್ ರೀ. ವಚನಕ್ಕ ಅಂಕಿತ ಅನ್ನೋದು ಸಹಿ ಇದ್ದಂಗ. ಬಸವಣ್ಣನೋರದು ಕೂಡಲಸಂಗಮದೇವ, ಮಾರಯ್ಯನದು ಅಮರೇಶ್ವರಲಿಂಗ. ಈ ವಚನದ ಕೊನೇ ಸಾಲಿನಾಗ ಇರೋದು ಅಮರೇಶ್ವರಲಿಂಗ. 1993ರಾಗ ಸರ್ಕಾರ 15 ಸಂಪುಟ ಅಚ್ಚು ಹಾಕೈತಿ, ತೆಗೆದು ನೋಡ್ರಿ. ಇನ್ನೊಂದು, ನೀವು 48 ದಿನದ ಪೂಜಾ ಹಚ್ಚೀರಲ್ಲ, ಅದೇ ವಚನದಾಗ ಕಾಯಕದಾಗ ಮುಳುಗಿದವನು ಲಿಂಗಪೂಜೆಯಾದ್ರೂ ಮರೀಬೇಕು ಅಂತೈತಿ. ಜಂಗಮ ಬಂದು ಎದುರಿಗೆ ನಿಂತ್ರೂ ಹಂಗು ಹರೀಬೇಕು. ಅಂದ್ರ ನಿಮ್ಮ ಗೂಟನ ಕಿತ್ತು ಒಗದಾನ ಮಾರಯ್ಯ.

ಮಾನ್ವಿ ತಂಬೂರಿ:
"ಪೂಜಾ ಮರೀಬೇಕು" ಅಂತ ಎಷ್ಟು ಹಗುರಾಗಿ ಹೇಳ್ತೀರಿ. ಮಾನ್ವಿ ಸೀಮೆಯವರಿಗೆ ಈ ಪಾಠ ಬ್ಯಾಡ. ಬ್ಯಾಗವಾಟದ ಶ್ರೀನಿವಾಸಾಚಾರ್ಯರು ದೊಡ್ಡ ಪಂಡಿತರು. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವು ಅಂತ ಸುಳ್ಳು ನೆವ ಹೇಳಿದ್ರು, ನೋವು ನಿಜವಾಗಿ ಹಿಡೀತು. ಮದ್ದು ತಾಕಲಿಲ್ಲ. ಮಂತ್ರಾಲಯಕ್ಕೆ ಹೋಗಿ, ಅಲ್ಲಿಂದ ಗೋಪಾಲದಾಸರ ಕಾಲು ಹಿಡಿದ್ರು. ಆ ಮಹಾನುಭಾವರು ತಮ್ಮ ಆಯಸ್ಸಿನ 40 ವರ್ಷ ಧಾರೆ ಎರೆದ್ರು. ಆ ಶ್ರೀನಿವಾಸಾಚಾರ್ಯರೇ ಮುಂದೆ ಜಗನ್ನಾಥದಾಸರು. ಸಂಕಟದಿಂದ ಬದುಕಿನ ಗುರಿ ಹುಟ್ಟೋದು ಅಂದ್ರೆ ಇದು. ಎಮ್ಮೆ ಅಲ್ಲ.

ಬಳ್ಳಾರಿ ಗಡಿಯಾರ:
"40 ವರ್ಷ ಧಾರೆ". ಯಾವ ರಸೀದಿ ಮೇಲೆ ವರ್ಗಾವಣೆ ಆಯ್ತು ಸ್ವಾಮಿ?

ಮಾನ್ವಿ ತಂಬೂರಿ:
"ರಸೀದಿ" ಕೇಳೋರಿಗೆ ಉತ್ತರ ಕೊಡಲ್ಲ. ಜಗನ್ನಾಥದಾಸರು 1728ರಲ್ಲಿ ಹುಟ್ಟಿ 1809ರ ತನಕ ಇದ್ದರು, 81 ವರ್ಷ. ಲೆಕ್ಕ ನೀವೇ ಹಾಕ್ಕೊಳ್ಳಿ. ಅಷ್ಟೇ ಅಲ್ಲ, ಮಾರಯ್ಯನ ಹೆಂಡತಿ ಲಕ್ಕಮ್ಮ ಹಿಡಿ ಅಕ್ಕಿಯಲ್ಲಿ 1,96,000 ಜಂಗಮರಿಗೆ ಉಣಿಸಿದಳು ಅಂತ ನಿಮ್ಮವರೇ ಹೇಳ್ತಾರಲ್ಲ, ಅದಕ್ಕೆ ರಸೀದಿ ಐತೇನು?

ಲಿಂಗಸುಗೂರು ಓದುಗ:
"ನಿಮ್ಮವರೇ" ಅಂದ್ರ ಯಾರು? ನಾ ಪವಾಡದ ಮಾತು ಆಡೇ ಇಲ್ಲ. ಲಕ್ಕಮ್ಮ ಅಂದಿದ್ದು ಬ್ಯಾರೆ. ಗಂಡ ಒಂದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ "ಈಸಕ್ಕಿಯಾಸೆ ನಿಮಗೇಕೆ" ಅಂತ ಕೇಳಿ, ಹೋಗಿ ಅಲ್ಲೇ ಸುರಿದು ಬಾ ಅಂದಾಕಿ. ಈ ಎಳೆಗೆ ಬೇಕಾದ ಮಾತು ಅದು. ಆಸೆ ಬ್ಯಾರೆ, ಭರವಸೆ ಬ್ಯಾರೆ.

ಕಾರಟಗಿ ಕಾಲುವೆ:
ಅಣ್ಣಾರ, ಅಕ್ಕಿ ಬೆಳೆಯೋ ಊರಿನವರು ಈ ಸಲ ಅಕ್ಕಿ ಕೊಂಡು ಉಣ್ಣಬೇಕು ಅಂತ ನಾ ಬರದ್ರ, ನೀವು ಅಕ್ಕಿ ಆಸೆ ಬ್ಯಾಡ ಅಂತೀರಿ.

ಲಿಂಗಸುಗೂರು ಓದುಗ:
ಹಂಗಲ್ರೀ. ಆಸೆ ಅಂದ್ರ ಇನ್ನಷ್ಟು ಬೇಕು ಅನ್ನೋದು. ಭರವಸೆ ಅಂದ್ರ ನಾಳೆ ಅಂಗಳಕ್ಕ ಹೋದ್ರ ಇವತ್ತಿನಷ್ಟು ಸಿಕ್ಕೇ ಸಿಗತೈತಿ ಅನ್ನೋದು. ಹೆಚ್ಚಿಂದು ವಾಪಸ್ ಸುರಿಯಾಕ ಅಕಿಗೆ ಆ ನಂಬಿಕೆ ಇತ್ತು.

ಗವಿಮಠದ ಹಾದಿ:
"ಆಸೆ ಬ್ಯಾರೆ" ಅಂತೀರಿ, ನಮ್ಮ ಕಡಿ ಹೆಣ್ಮಕ್ಕಳು ಜಡ್ಡು ಬಿದ್ದವರಿಗೆ "ಆಸೆ ಬಿಡಬ್ಯಾಡ" ಅಂತಾರ. ಅವರು ದುರಾಸೆ ಮಾಡು ಅಂತ ಹೇಳ್ತಾರೇನು? ಪುಸ್ತಕದ ಕನ್ನಡ ಪುಸ್ತಕದಾಗ ಇಡ್ರಿ.

ಮುನಿರಾಬಾದ್ ತೂಬು:
"ನಂಬಿಕೆ ಇತ್ತು" ಅನ್ನೋ ಮಾತಿಗೆ ಒಂದು ಲೆಕ್ಕ ಕೊಡ್ತೀನಿ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ ನೆತ್ತಿ ಮ್ಯಾಲಿನ 19ನೇ ಕ್ರೆಸ್ಟ್ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿ ಹೋಯ್ತು. ಡ್ಯಾಮು 105 ಟಿಎಂಸಿ (ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ), ಭರ್ತಿ ಇತ್ತು. 60 ಅಡಿ ಅಗಲ, 20 ಅಡಿ ಎತ್ತರದ ಬಾಯಿ. ಅಷ್ಟೂ ನೀರು ಹೋಯ್ತು, ಬೆಳೆ ಮುಗೀತು ಅಂದ್ರು. ಒಂದೇ ವಾರದಾಗ, ಹರಿಯೋ ನೀರಿನಾಗೇ, 4 ಅಡಿ ಎತ್ತರದ ಐದು ಸ್ಟಾಪ್‌ಲಾಗ್ (ನೀರು ತಡೆಯೋ ಕಬ್ಬಿಣದ ಹಲಗಿ) ತುಂಡು ಒಂದರ ಮ್ಯಾಲೊಂದು ಇಳಿಸಿ ಬಂದ್ ಮಾಡಿದ್ರು. 30 ಟಿಎಂಸಿಗೂ ಹೆಚ್ಚು ಹೋಗಿತ್ತು, ಮಳೆ ಬಂದು ಮತ್ತ ತುಂಬಿತು. 20 ಅಡಿ ತೂತನ್ನ ಒಂದೇ ಗೇಟಿನಿಂದ ಮುಚ್ಚಾಕ ಹೋಗಿದ್ರ ಆಗ್ತಿರಲಿಲ್ಲ. ಭರವಸೆ ಅಂದ್ರ ಕಬ್ಬಿಣ, ಕ್ರೇನು, ಲೆಕ್ಕ.

ಮಾನ್ವಿ ತಂಬೂರಿ:
"ಮಳೆ ಬಂದು ತುಂಬಿತು" ಅಂತ ನೀವೇ ಬರೆದೀರಿ. ಮಳೆ ಯಾವ ಕ್ರೇನಿನಾಗ ಇಳಿಸಿದ್ರಿ?

ಮುನಿರಾಬಾದ್ ತೂಬು:
ಗೇಟು ಮುಚ್ಚದಿದ್ರ ಆ ಮಳೆ ನೀರು ನಿಲ್ಲತಿತ್ತೇನು? ನಿಮ್ಮ ಜೊತೆ ವಾದ ಮಾಡೋದು ಬ್ಯಾಡಪಾ.

ಕುಷ್ಟಗಿ ಕೆಂಪುಮಣ್ಣು:
ಮೂಲ ಪ್ರಶ್ನೆಗೆ ಬರ್ರಿ. ಮನಸ್ಸು ಕುಸಿಯೋದು ಗುರಿ ಇಲ್ಲದ್ದಕ್ಕಲ್ಲ, ಕಂತಿಗೆ. ಬೆಳೆಹಾನಿ ಪರಿಹಾರದ ಆಸೆ ಇಡಬ್ಯಾಡ್ರಿ. ಕೇಂದ್ರದ 2022-26ರ ನಿಯಮದಾಗ ನೀರಾವರಿಗೆ ಹೆಕ್ಟೇರಿಗೆ 17,000, ಖುಷ್ಕಿಗೆ 8,500, ಎರಡು ಹೆಕ್ಟೇರಿನ ಮಿತಿ ಇತ್ತು, ಅದೂ ಬಿತ್ತಿದ ಬೆಳೆ ಶೇ 33 ಇಲ್ಲಾ ಅದಕ್ಕೂ ಹೆಚ್ಚು ಹಾಳಾದ್ರ. ಬಿತ್ತೇ ಇಲ್ಲ ಅಂದ್ರ ಹಾನಿ ಎಲ್ಲಿಂದ ತೋರಿಸ್ತೀರಿ? ಸಾಲ ಎಲ್ಲಾ ಒಂದು ಹಾಳಿ ಮ್ಯಾಲೆ ಬರೀರಿ: ಯಾರದು, ಎಷ್ಟು, ಬಡ್ಡಿ, ಗಡುವು. ಸೊಸೈಟಿಯ ಶೂನ್ಯ ಬಡ್ಡಿ ಬೆಳೆಸಾಲ ಮೊದಲ ಸಾಲಿನಾಗ ಇರಲಿ, ಯಾಕಂದ್ರ ಗಡುವು ದಾಟಿದ ದಿನವೇ ಶೂನ್ಯ ಹೋಗಿ ಬಡ್ಡಿ ಕೂಡತೈತಿ. ಮಂದಿ ತಿರುವುಮುರುವು ಮಾಡ್ತಾರ, ಮನಿ ಮುಂದ ಬಂದು ಬಾಯಿ ಮಾಡೋ ಫೈನಾನ್ಸಿಗೆ ಮೊದಲು ಕೊಟ್ಟು ಸೊಸೈಟಿ ತಪ್ಪಿಸ್ತಾರ. ಬಾಯಿ ಮಾಡಿದ್ರ ಠಾಣೆಗೆ ಹೋಗ್ರಿ. 2025ರ ಫೆಬ್ರುವರಿಯಿಂದ ಕಿರುಸಾಲದ ಬಲವಂತ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಐತಿ. ಈ ಹಾಳಿ ಬರದ ರಾತ್ರಿ ನಿದ್ದಿ ಬರತೈತಿ, 48 ದಿನ ಬೇಕಾಗಿಲ್ಲ.

ಗವಿಮಠದ ಹಾದಿ:
"48 ದಿನ ಬೇಕಾಗಿಲ್ಲ" ಅನ್ನೋರು ಜನವರಿಯಾಗ ಕೊಪ್ಪಳದ ಗವಿಮಠದ ಜಾತ್ರಿಗೆ ಬಂದು ನೋಡ್ರಿ. ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್ ತುಂಬ ಜ್ವಾಳದ ರೊಟ್ಟಿ ಬರತಾವು. ಮನಿಯಾಗ ಕುಂತು ಅಳೋ ಹೆಣ್ಮಗಳು ದಾಸೋಹದ ರೊಟ್ಟಿ ಬಡಿಯಾಕ ಕುಂತ್ರ ನಾಕು ಮಂದಿ ಜೋಡಿ ಮಾತಾಡ್ತಾಳ. ಹಿರೇಹಳ್ಳದ ಹೂಳು ತೆಗೆದಿದ್ದೂ ಮಠದ ಮಾತಿಗೆ ಕೂಡಿದ ಮಂದಿನೇ.

ಸಿರುಗುಪ್ಪದಕ್ಕ:
ರೊಟ್ಟಿ ಬಡಿಯೋದು, ಹೂಳು ತೆಗೆಯೋದು ಕೆಲಸ ಅಲ್ವಾ ಅಣ್ಣ? ಆಗಿಂದ ನಾನು ಹೇಳ್ತಿರೋದೂ ಅದೇ.

ಗವಿಮಠದ ಹಾದಿ:
ಕೆಲಸ ಅಲ್ರೀ ಅಕ್ಕಾರ, ಸೇವೆ. ಎರಡೂ ಬ್ಯಾರೆ.

ಬಳ್ಳಾರಿ ಗಡಿಯಾರ:
ಸೇವೆ ಅನ್ನಿ, ಕೆಲಸ ಅನ್ನಿ, ನೇಮವನ್ನೂ ನಾನು ಬೇಡ ಅಂದಿಲ್ಲ. ನಾಲ್ಕು ಗಂಟೆಗೆ ಬೇಡ ಅಂದೆ. ಸಂಜೆ ಆರಕ್ಕೆ ಇಡಿ, ಮನೆಯವರ ಜೊತೆ ಕೂರಿಸಿ, ಒಂದು ದಿನ ತಪ್ಪಿದ್ರೆ ಮೊದಲಿಂದ ಎಣಿಸಬೇಡಿ. ಎಣಿಕೆ ಮುರಿದ್ರೆ "ದೇವರಿಗೂ ಬೇಡವಾದೆ" ಅಂತ ಕೂರ್ತಾರೆ, ಅದು ಅಪಾಯ. ಗುಳಿಗೆ ಮಾತ್ರ ನಿಲ್ಲಬಾರದು.

ಗವಿಮಠದ ಹಾದಿ:
"ಸಂಜೆ ಆರಕ್ಕೆ" ನಾನೂ ಬ್ಯಾಡ ಅಂದಿಲ್ಲಲ್ಲ. ಮೊದಲೇ ಹಂಗ ಹೇಳಬೇಕಿತ್ತು.

ಕಾರಟಗಿ ಕಾಲುವೆ:
ಯೂರಿಯಾ ಹಾಕಿದ ಹುಲ್ಲು 21 ದಿನ ಆದಮ್ಯಾಲೆ ಎಷ್ಟೊತ್ತು ಆರಿಸಬೇಕು ಅಕ್ಕಾರ? ಹೊಟ್ಟಿ ಕೆಡಂಗಿಲ್ಲಲ್ಲ?

ಸಿರುಗುಪ್ಪದಕ್ಕ:
ಅವತ್ತಿಗೆ ಬೇಕಾದಷ್ಟೇ ಒಂದು ಕಡೆಯಿಂದ ತೆಗೀರಿ, ಉಳಿದದ್ದು ಮುಚ್ಚೇ ಇರ್ಲಿ. ತೆಗೆದದ್ದು ಗಂಟೆ ಎರಡು ಗಂಟೆ ನೆರಳಲ್ಲಿ ಹರವಿ, ಮೂಗಿಗೆ ಘಾಟು ಬರ್ಬಾರ್ದು. ಮೊದಲ ವಾರ ಮಾಮೂಲಿ ಹುಲ್ಲಿನ ಜೊತೆ ಅರ್ಧ ಕಲಸಿ, ಆಮೇಲೆ ಪೂರ್ತಿ. ನೀರು ಹೊಟ್ಟೆ ತುಂಬ ಕುಡಿಸ್ಬೇಕು.

ಲಿಂಗಸುಗೂರು ಓದುಗ:
ಅಕ್ಕಾರ, ಮ್ಯಾಲೆ "ಕಾಯಕವೇ" ಅಂತ ದೀರ್ಘ ಹಾಕೀರಿ. ಮೂಲದಾಗ "ಕಾಯಕವೆ", ಹ್ರಸ್ವ.

ಗವಿಮಠದ ಹಾದಿ:
ಎರಡೂ ನಡೀತೈತಿ.

ಲಿಂಗಸುಗೂರು ಓದುಗ:
ನಡಿಯಂಗಿಲ್ಲ.