ನೀರಲ್ಲಿ ಔಷಧ, ಪಂಜರಕ್ಕೆ 5 ಇಲಿ: ಲೆಕ್ಕಕ್ಕೆ ಬರೋದು ಇಲಿಯೋ ಪಂಜರವೋ?

ಹೊಸ_ಪ್ರಯೋಗ:
ತಲಾ 25 ಗ್ರಾಂನ 20 ಗಂಡು ಬಿಳಿ ಇಲಿ. ಮೌಸ್, ರ‍್ಯಾಟ್ ಅಲ್ಲ. ಪಂಜರಕ್ಕೆ 5ರಂತೆ 4 ಪಂಜರ. ಎರಡು ಪಂಜರಗಳ ಕುಡಿಯುವ ನೀರಿಗೆ ಔಷಧ, ಉಳಿದೆರಡಕ್ಕೆ ಬರೀ ನೀರು. ವಾರಕ್ಕೊಮ್ಮೆ 0.2 ಮಿ.ಲೀ. ರಕ್ತ, ನಾಲ್ಕನೇ ವಾರ ಓಪನ್ ಫೀಲ್ಡ್ ಪರೀಕ್ಷೆ (ಇಲಿಯನ್ನು ತೆರೆದ ಪೆಟ್ಟಿಗೆಯಲ್ಲಿ ಬಿಟ್ಟು ಓಡಾಟ ನೋಡೋದು). ಯೋಜನೆ ಇನ್ನೂ ನೈತಿಕ ಸಮಿತಿಗೆ ಹೋಗಿಲ್ಲ. ಗುಂಪಿಗೆ 10 ಇಲಿ ಸಾಕಾ?

ಅಂಕಿಅಂಶ_ಪ್ರಿಯ:
ನಿಮ್ಮ ಗುಂಪಿನಲ್ಲಿರೋದು 10 ಅಲ್ಲ, 2. ಔಷಧ ಬಾಟಲಿಗೆ ಬೀಳುತ್ತಿದೆ, ಬಾಟಲಿ ಪಂಜರಕ್ಕೊಂದು. ಹಾಗಾಗಿ ಪಂಜರವೇ ಪ್ರಯೋಗದ ಘಟಕ. ಒಂದು ಪಂಜರದಲ್ಲಿ ಕಚ್ಚಾಟ ಶುರುವಾದರೆ ಐದೂ ಇಲಿಗಳ ಅಂಕಿ ಒಟ್ಟಿಗೆ ಅಲುಗಾಡುತ್ತೆ, ನೀವದನ್ನು ಔಷಧದ ಪರಿಣಾಮ ಅಂದುಕೊಳ್ಳುತ್ತೀರಿ. ಔಷಧ ಕಹಿಯಿದ್ದರೆ ಇನ್ನೂ ಕಷ್ಟ: ನೀರನ್ನೇ ಕಡಿಮೆ ಕುಡಿಯುತ್ತವೆ, ಕೊನೆಗೆ ನೀವು ಅಳೆಯೋದು ಬಾಯಾರಿಕೆಯನ್ನು.

ಪಂಜರಕ್ಕೆ 4ರಂತೆ 5 ಪಂಜರ ಮಾಡಿ, ಪ್ರತಿ ಪಂಜರದಲ್ಲೂ 2 ಔಷಧದವು, 2 ನಿಯಂತ್ರಣದವು (ಹೋಲಿಕೆಗೆ, ಔಷಧವಿಲ್ಲದವು). ಗಂಟಲ ಮೂಲಕ ಹೊಟ್ಟೆಗೆ ಇಳಿಸುವ ಮೊಂಡು ತುದಿಯ ಗ್ಯಾವೇಜ್ ಸೂಜಿಯಿಂದ ಕೊಡಿ, ಕೆ.ಜಿ.ಗೆ 10 ಮಿ.ಲೀ. ಲೆಕ್ಕದಲ್ಲಿ 0.25 ಮಿ.ಲೀ. ನಿಯಂತ್ರಣದವಕ್ಕೂ ಔಷಧವಿಲ್ಲದ ದ್ರವ ಅದೇ ಸೂಜಿಯಿಂದ ಹೋಗಲಿ. ಸೂಜಿ ತಡೆದರೆ ಒತ್ತಬೇಡಿ, ಶ್ವಾಸನಾಳಕ್ಕೆ ಹೋಗಿರಬಹುದು. ಒಂದು ತೊಡಕಿದೆ: ಇಲಿಗಳು ಹಿಕ್ಕೆ ತಿನ್ನುತ್ತವೆ. ಔಷಧ ಮಲದಲ್ಲಿ ಹಾಗೇ ಹೊರಬರುವಂಥದ್ದಾದರೆ ಈ ಬೆರಕೆ ನಡೆಯಲ್ಲ. ಆಗ ಪಂಜರಗಳನ್ನೇ ಹೆಚ್ಚಿಸಬೇಕು.

ಗುಂಪು ಹಂಚೋದು ಚೀಟಿ ಎತ್ತಿ. ಕೈ ಹಾಕಿದಾಗ ಮೊದಲು ಸಿಗೋದು ಮಂದ ಇಲಿ, ಆ ಕ್ರಮದಲ್ಲಿ ಹಂಚಿದರೆ ಗುಂಪುಗಳು ಶುರುವಲ್ಲೇ ಬೇರೆಬೇರೆ. ಇಷ್ಟೆಲ್ಲ ಮಾಡಿದರೂ ಗುಂಪಿಗೆ 10ರಲ್ಲಿ, 80% ಸಾಮರ್ಥ್ಯದೊಂದಿಗೆ (ನಿಜವಾದ ಪರಿಣಾಮ ಇದ್ದರೆ ನೂರರಲ್ಲಿ 80 ಸಲ ಸಿಕ್ಕಿಬೀಳುವಂತೆ) ಹಿಡಿಯಬಹುದಾದ ಅಂತರ ಸುಮಾರು 1.3 ಮಾನಕ ವಿಚಲನೆ (ಇಲಿಯಿಂದ ಇಲಿಗೆ ಅಂಕಿ ಎಷ್ಟು ಹರಡಿದೆ ಅನ್ನೋದರ ಅಳತೆ). ಅದಕ್ಕಿಂತ ಚಿಕ್ಕ ಪರಿಣಾಮ ಹುಡುಕುತ್ತಿದ್ದರೆ ಇಲಿಗಳನ್ನು ಸುಮ್ಮನೆ ದಂಡ ಮಾಡಿದಂತೆ.

ಬಾಲ_ಹಿಡಿಯಬೇಡಿ:
ಓಪನ್ ಫೀಲ್ಡ್ ಅಳೆಯೋದು ಆತಂಕವನ್ನು. ಬಾಲ ಹಿಡಿದು ಎತ್ತಿದರೆ ಆತಂಕ ಹೆಚ್ಚುತ್ತೆ ಅಂತ 2010ರಲ್ಲೇ ತೋರಿಸಿದ್ದಾರೆ. ಪಂಜರದಲ್ಲೇ ಒಂದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಇಡಿ, ಸುಮಾರು 5 ಸೆ.ಮೀ. ಅಗಲ, 13 ಸೆ.ಮೀ. ಉದ್ದ. ಇಲಿಯನ್ನು ಅದರೊಳಕ್ಕೆ ನಡೆಸಿ ಕೊಳವೆ ಸಮೇತ ಎತ್ತಿ. ಅಟ್ಟಿಸಿಕೊಂಡು ಹೋದರೆ ಮಾಡಿದ್ದೆಲ್ಲ ನೀರುಪಾಲು.

ಪಂಜರ ತೊಳೆದಾಗ ಹಳೇ ಗೂಡಿನ ಕಾಗದ ಹೊಸದಕ್ಕೆ ಹಾಕಿ, ಮೂತ್ರ ಹಿಡಿದ ಹೊಟ್ಟು ಬೇಡ. ಗಂಡಿಲಿಗಳ ಕಾದಾಟ ಇಳಿಯುತ್ತೆ. ಪರೀಕ್ಷೆ ಒಂದೇ ಹೊತ್ತಿಗೆ, ಸಾಧ್ಯವಾದರೆ ಒಬ್ಬರೇ ಮಾಡಲಿ: ಗಂಡಸರ ಮೈವಾಸನೆಗೇ ಇಲಿಗಳ ಒತ್ತಡ ಏರುತ್ತೆ ಅನ್ನೋದು 2014ರ ಫಲಿತಾಂಶ.

ಪಶುವೈದ್ಯೆ_ಲ್ಯಾಬ್:
ವಾರಕ್ಕೆ 0.2 ಮಿ.ಲೀ. ರಕ್ತ ಜಾಸ್ತಿಯಾಯಿತು. ಕೆ.ಜಿ.ಗೆ ಸುಮಾರು 72 ಮಿ.ಲೀ. ಲೆಕ್ಕದಲ್ಲಿ 25 ಗ್ರಾಂ ಇಲಿಯಲ್ಲಿರುವುದೇ 1.8 ಮಿ.ಲೀ. ವಾರದ ಅಂತರಕ್ಕೆ 7.5% ಮಿತಿ, ಅಂದರೆ 0.13 ಮಿ.ಲೀ. ಎರಡು ವಾರಕ್ಕೊಮ್ಮೆ ತೆಗೆದರೆ 10%, 0.18. ಮೀರಿದರೆ ರಕ್ತಹೀನತೆ, ಮಂದ ಓಡಾಟ. ಅದನ್ನು ಔಷಧದ ತಲೆಗೆ ಕಟ್ಟುವ ಅಪಾಯ.

ಪ್ರಯೋಗ ಯಾವ ಹಂತದಲ್ಲಿ ನಿಲ್ಲಿಸುತ್ತೀರಿ ಅನ್ನೋದನ್ನೂ ನೈತಿಕ ಸಮಿತಿಯ ಅರ್ಜಿಯಲ್ಲೇ ಬರೆಯಿರಿ. ತೂಕ 20% ಇಳಿದರೆ ಆ ಇಲಿ ಪ್ರಯೋಗದಿಂದ ಹೊರಗೆ, ಚರ್ಚೆಯಿಲ್ಲ. ನೋವಿಗೆ ಮುಖ ನೋಡಿ: ಕಿರಿದಾದ ಕಣ್ಣು, ಉಬ್ಬಿದ ಮೂಗು, ಕೆನ್ನೆ, ಹಿಂದೆ ಸರಿದ ಕಿವಿ, ಮೀಸೆಯ ನಿಲುವು. ತಲಾ 0ರಿಂದ 2 ಅಂಕ. ಅಂಕ ಕೊಡುವವರಿಗೆ ಯಾವ ಇಲಿ ಯಾವ ಗುಂಪಿನದೆಂದು ತಿಳಿದಿರಬಾರದು.

ಹೊಸ_ಪ್ರಯೋಗ:
ಔಷಧ ಮಲದಲ್ಲೇ ಹೆಚ್ಚು ಹೋಗೋದು. ಹಾಗಾದರೆ ಪಂಜರಕ್ಕೆ ಒಂದೊಂದೇ ಇಲಿ ಇಡಲಾ?

ಬಾಲ_ಹಿಡಿಯಬೇಡಿ:
ಬೇಡ. ಒಂಟಿತನವೇ ಓಪನ್ ಫೀಲ್ಡ್ ಫಲಿತಾಂಶ ಬದಲಿಸುತ್ತೆ. ಒಂದೇ ಗುಂಪಿನ ಎರಡೆರಡು ಇಲಿ ಇಡಿ, ಪಂಜರವನ್ನೇ ಒಂದು ಅಂತ ಎಣಿಸಿ.