ಮಳೆಗಾಲದಲ್ಲಿ ಬಾಳೆಕಾಯಿ ಚಿಪ್ಸ್: ಕಾಗದದ ಕವರೋ, ಪ್ಲಾಸ್ಟಿಕ್ಕೋ? (ಮೂವರ ಚರ್ಚೆ)

ಹಪ್ಪಳದ ಮನೆ, ಸಾಗರ
ಇಲ್ಲೊಂದು ಹೆಂಗಸರ ಸ್ವಸಹಾಯ ಸಂಘ ಬಾಳೆಕಾಯಿ ಚಿಪ್ಸ್, ಹಲಸಿನ ಹಪ್ಪಳ ಮಾಡಿ ಮಾರುತ್ತೆ. ಗಿರಾಕಿಗಳು ಪ್ಲಾಸ್ಟಿಕ್ ಬೇಡ ಅಂದಿದ್ದಕ್ಕೆ ಎಲ್ಲವನ್ನೂ ಕಾಗದದ ಕವರಿಗೆ ಹಾಕಿದ್ದಾಯ್ತು. ಆದ್ರೆ ಮಳೆ ಹಿಡಿದ ಮೇಲೆ ಮೂರನೇ ದಿನಕ್ಕೇ ಚಿಪ್ಸ್ ಮೆತ್ತಗೆ, ಕವರಿನ ತುಂಬ ಎಣ್ಣೆ ಕಲೆ. ಅಂಗಡಿಯವರು ವಾಪಸ್ ಕಳಿಸ್ತಿದ್ದಾರೆ. ಪರಿಸರಕ್ಕೆ ಯಾವುದು ಕಡಿಮೆ ಕೇಡು? ಪ್ಲಾಸ್ಟಿಕ್ ಅಂದ್ರೆ ಎಂಥದ್ದು ತಗೋಬೇಕು?

ಸೀಲಿಂಗ್ ಮಿಷನ್
ಚಿಪ್ಸಿಗೆ ಪ್ಲಾಸ್ಟಿಕ್ಕೇ. 200 ಗ್ರಾಮಿನ ಪೊಟ್ಟಣಕ್ಕೆ 75 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ದಪ್ಪದ ಪಾಲಿಥೀನ್ ಕವರ್ (18×25 ಸೆಂ.ಮೀ.) ತೂಗುವುದು 6 ಗ್ರಾಂ ಚಿಲ್ಲರೆ. ಒಳಗಿನ ಮಾಲಿಗೆ ಹೋಗಿರುವುದು ಹತ್ತಿರಹತ್ತಿರ ಮುಕ್ಕಾಲು ಕೆಜಿ ಬಾಳೆಕಾಯಿ, 50 ಗ್ರಾಂ ಮೇಲೆ ಎಣ್ಣೆ, ಕರಿಯಲು ಉರಿಸಿದ ಸೌದೆ. ತಯಾರಿಕೆಯಲ್ಲಿ ಗಾಳಿಗೆ ಸೇರುವ ಇಂಗಾಲದ ಸ್ಥೂಲ ಲೆಕ್ಕದಲ್ಲಿ, ಎಣ್ಣೆಯೊಂದನ್ನೇ ಹಿಡಿದರೂ, ಹತ್ತರಲ್ಲಿ ಒಂದು ಪೊಟ್ಟಣ ತಿಪ್ಪೆಗೆ ಹೋದರೆ ಹತ್ತು ಪ್ಲಾಸ್ಟಿಕ್ ಕವರ್ ಬಿಟ್ಟು ಉಳಿಸಿದ್ದು ಅಲ್ಲಿಗೇ ಸಮ.

ಪಾಲಿಥೀನ್ ತೇವ ಚೆನ್ನಾಗಿ ತಡೆಯುತ್ತೆ, ಗಾಳಿಯನ್ನು ಅಷ್ಟು ತಡೆಯಲ್ಲ. ಮೂರು ವಾರದೊಳಗೆ ಖರ್ಚಾಗುವ ಮಾಲಿಗೆ ಸಾಕು. ಮೀರಿದರೆ ಎಣ್ಣೆ ಕಮಟು ಹಿಡಿಯುತ್ತೆ. ಒಳಗೆ ಬೆಳ್ಳಿ ಬಣ್ಣದ ಪದರದ ಕವರ್ ಹೆಚ್ಚು ದಿನ ತಡೆಯುತ್ತೆ ನಿಜ, ಆದರೆ ಹಲವು ಪದರ ಅಂಟಿಸಿದ್ದನ್ನು ಗುಜರಿಯವರು ಮುಟ್ಟಲ್ಲ.

ಹಾಳಾಗುವುದು ಹೆಚ್ಚಾಗಿ ತುಂಬುವಾಗಲೇ. ಬಾಣಲೆಯಿಂದ ತೆಗೆದದ್ದು ಪೂರ್ತಿ ಆರಬೇಕು, ಬಿಸಿಯಲ್ಲಿ ತುಂಬಿದರೆ ಅದರ ಹಬೆಯೇ ಒಳಗೆ ನೀರಾಗುತ್ತೆ. ಹಾಗಂತ ಮಳೆಯಲ್ಲಿ ರಾತ್ರಿಯಿಡೀ ಹರವಿಡಬೇಡಿ. ಆರಿದ ಕೂಡಲೇ ಮುಚ್ಚಳದ ಡಬ್ಬಕ್ಕೆ. ಕವರಿನ ಬಾಯಿಗೆ ಎಣ್ಣೆ, ಪುಡಿ ತಾಗಿದ್ದರೆ ಸೀಲ್ ಕೂಡಲ್ಲ. ಅಗಲ ಬಾಯಿಯ ಲಾಳಿಕೆ ಇಟ್ಟು ತುಂಬಿ, ಬಾಯಿ ಒರೆಸಿ, ಸೀಲಿನ ಪಟ್ಟಿ 8 ಮಿ.ಮೀ. ಅಗಲ ಬರುವಂತೆ ಒತ್ತಿ. ಕಂತಿಗೊಂದು ಪೊಟ್ಟಣವನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಹಿಚುಕಿ. ಗುಳ್ಳೆ ಎದ್ದರೆ ಆ ಕಂತು ಇನ್ನೊಮ್ಮೆ ಸೀಲ್.

ತುಂಗೆಯ ದಂಡೆ, ತೀರ್ಥಹಳ್ಳಿ
ಲೆಕ್ಕ ಸರಿ ಮಾರಾಯ್ರೆ, ಆದರೆ ಅದು ಬರೀ ಇಂಗಾಲದ್ದು. ಖಾಲಿ ಕವರ್ ಹೋಗುವುದೆಲ್ಲಿಗೆ? ಬಚ್ಚಲೊಲೆಗೆ, ಇಲ್ಲಾ ಹಳ್ಳಕ್ಕೆ. ದನ ತಿಂದ ಕವರ್ ಯಾವ ಲೆಕ್ಕದಲ್ಲಿ ಬರುತ್ತೆ?

ಊರೊಳಗಿನ ಅಂಗಡಿಗೆ 5 ಕೆಜಿ ಹಿಡಿಯುವ ತಗಡಿನ ಡಬ್ಬದಲ್ಲಿ ಕೊಡಿ, ಖಾಲಿ ಡಬ್ಬ ವಾಪಸ್ ತನ್ನಿ, ತೂಗಿ ಮಾರಲಿ. ಕವರ್ ಬಸ್‌ಸ್ಟ್ಯಾಂಡಿನ ಮಾಲಿಗೆ ಮಾತ್ರ. ಹಪ್ಪಳಕ್ಕೆ ಪ್ಲಾಸ್ಟಿಕ್ ಯಾಕೆ? ಕರಿಯದ ಮಾಲು ಅದು. ಕಾಗದದಲ್ಲಿ ಕಟ್ಟಿ ಮುಚ್ಚಳದ ಡಬ್ಬದಲ್ಲಿಟ್ಟರೆ ಆಯ್ತು, ಸ್ವಲ್ಪ ಥಂಡಿ ಹಿಡಿದರೂ ಒಲೆ ಮೇಲಿನ ಅಟ್ಟಕ್ಕೆ ಹಾಕಿದರೆ ಸರಿಹೋಗುತ್ತೆ. ಚಿಪ್ಸಿಗೆ ಆ ಭಾಗ್ಯ ಇಲ್ಲ.

ಹಪ್ಪಳದ ಮನೆ, ಸಾಗರ
ಒಬ್ಬರು ಒಳಗೆ ಹೊಳಪಿರುವ ಕಾಗದದ ಕವರ್ ತೋರಿಸಿದ್ದಾರೆ. ಮಣ್ಣಲ್ಲಿ ಕೊಳೆಯುತ್ತೆ ಅಂತಾರೆ. ಹೌದಾ?

ಸೀಲಿಂಗ್ ಮಿಷನ್
ಒಂದು ತುಂಡು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಉಜ್ಜಿ ನೋಡಿ. ಕಾಗದ ಬಿಟ್ಟುಹೋಗಿ ತೆಳುವಾದ ಹಾಳೆ ಕೈಗೆ ಬಂದರೆ ಅದು ಪ್ಲಾಸ್ಟಿಕ್ ಪದರ. ಗುಜರಿಗೂ ಆಗಲ್ಲ, ಗೊಬ್ಬರಕ್ಕೂ ಆಗಲ್ಲ. ಜೋಳದ ಪಿಷ್ಟದಿಂದ ಮಾಡಿದ ಪಿಎಲ್‌ಎ ಕವರ್ ಕೊಳೆಯಲು 60 ಡಿಗ್ರಿಯ ಹತ್ತಿರದ ಕಾವು ಬೇಕು, ಮನೆಯ ಗೊಬ್ಬರಗುಂಡಿಯಲ್ಲಿ ಅಷ್ಟು ಕಾವು ನಿಲ್ಲಲ್ಲ. ತೇವವನ್ನೂ ಅದು ಪಾಲಿಥೀನಿನಷ್ಟು ತಡೆಯಲ್ಲ. ಹಳೇ ಪತ್ರಿಕೆಯಲ್ಲಿ ಕಟ್ಟುವ ಯೋಚನೆ ಇದ್ದರೆ ಬಿಡಿ, ತಿಂಡಿಗೆ ಮುದ್ರಿತ ಕಾಗದ ಸುತ್ತುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮವೇ ನಿಷೇಧಿಸಿದೆ. ಹಪ್ಪಳದ ಕಟ್ಟಿಗೂ ಬಿಳಿ ಹಾಳೆಯೇ ಇರಲಿ.