ಕರ್ನಲ್ ಅಪ್‌ಡೇಟ್ ಆದಮೇಲೆ ವೆಬ್‌ಕ್ಯಾಮ್‌ನಲ್ಲಿ ಚಿತ್ರ ಇಲ್ಲ: ಅನುಭವ ಇದ್ದವರು ಹೇಳಿ

ಶಿರಾ ಗೇಟ್, ತುಮಕೂರು: ಮನೆಯಿಂದಲೇ ಆನ್‌ಲೈನ್ ಟ್ಯೂಷನ್ ಮಾಡುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಇದೆ. ಅದರ ಕರ್ನಲ್ (ಹಾರ್ಡ್‌ವೇರ್ ನಡೆಸುವ ಮೂಲ ಭಾಗ) ಅಪ್‌ಡೇಟ್ ಆದಮೇಲೆ ಯುಎಸ್‌ಬಿ ವೆಬ್‌ಕ್ಯಾಮ್‌ನ ಲೈಟ್ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಅಂಗಡಿಯವರು ಹೊಸದು ತಗೊಳ್ಳಿ ಅಂದರು. ಪರಿಚಯದವರೊಬ್ಬರು ಕರ್ನಲ್ ಅನ್ನು ಸೋರ್ಸ್ ಕೋಡ್‌ನಿಂದ ನಾವೇ ಬಿಲ್ಡ್ ಮಾಡಿ (ತಯಾರಿಸಿ) ನೋಡಬಹುದು ಅನ್ನುತ್ತಾರೆ. ಯಾರಾದರೂ ಮಾಡಿದ್ದೀರಾ?

ಗುಬ್ಬಿ: ಮೇಡಂ, ದುಡ್ಡು ಖರ್ಚು ಮಾಡಬೇಡಿ. ನನಗೂ ಹೀಗೇ ಆಗಿತ್ತು. ಉಬುಂಟು ಹಿಂದಿನ ಕರ್ನಲ್ ಅನ್ನು ಉಳಿಸಿಕೊಂಡಿರುತ್ತದೆ. ಲ್ಯಾಪ್‌ಟಾಪ್ ಆನ್ ಆಗುವಾಗಿನ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಅದನ್ನು ಆರಿಸಿ ಬೂಟ್ ಮಾಡಿ. ಚಿತ್ರ ಬಂದರೆ ಕ್ಯಾಮೆರಾ ಗಟ್ಟಿಯಾಗಿದೆ ಅಂತಲೇ ಅರ್ಥ. ಅದರಲ್ಲೂ ಬರದಿದ್ದರೆ ಬಿಲ್ಡ್ ಮಾಡುವುದು ಸುಮ್ನೆ ಶ್ರಮ, ಮೊದಲು ಕೇಬಲ್, ಪೋರ್ಟ್ ನೋಡಿ.

ಶಿರಾ ಗೇಟ್: ಹಳೆಯದರಲ್ಲಿ ಬಂತು! ಸದ್ಯ ಕ್ಲಾಸು ಅದರಲ್ಲೇ ನಡೆಸುತ್ತಿದ್ದೇನೆ. ಆದರೆ ಎಷ್ಟು ದಿನ ಹೀಗೇ ಇರುವುದು?

ಎಸ್.ಎಸ್. ಪುರಂ: ಈಗ ಬಿಲ್ಡ್ ಮಾಡುವುದಕ್ಕೆ ಅರ್ಥ ಇದೆ ಮೇಡಂ. ಹೆಚ್ಚಿನ ಯುಎಸ್‌ಬಿ ವೆಬ್‌ಕ್ಯಾಮ್ ನಡೆಯುವುದು ಯುವಿಸಿವಿಡಿಯೊ ಅನ್ನೋ ಡ್ರೈವರ್‌ನಿಂದ (ಸಾಧನ ನಡೆಸುವ ಪ್ರೋಗ್ರಾಂ). 2008ರ 2.6.26 ಆವೃತ್ತಿಯಿಂದ ಅದು ಕರ್ನಲ್ ಜೊತೆಗೇ ಬರುತ್ತಿದೆ. ಹಾಗಾಗಿ ಕರ್ನಲ್ ಬದಲಾದಾಗ ಡ್ರೈವರ್ ಕೂಡ ಬದಲಾಗಿರಬಹುದು.

ಉಬುಂಟು ಕಾನ್ಫಿಗ್ (ಏನೇನು ಬಿಲ್ಡ್ ಆಗಬೇಕು ಅನ್ನೋ ಪಟ್ಟಿ) ಹಾಗೇ ಇಟ್ಟರೆ ಸಾವಿರಾರು ಮಾಡ್ಯೂಲ್ (ಡ್ರೈವರ್‌ನಂಥ ಬಿಡಿ ಭಾಗ) ಬಿಲ್ಡ್ ಆಗುತ್ತವೆ, ಹಳೇ ಲ್ಯಾಪ್‌ಟಾಪ್‌ನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಅನ್ನೋ ಕಮಾಂಡ್ ಕೊಟ್ಟರೆ ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್‌ಗಳು ಮಾತ್ರ ಉಳಿಯುತ್ತವೆ. ಅದಕ್ಕೇ ಮೊದಲು ವೆಬ್‌ಕ್ಯಾಮ್, ಹೆಡ್‌ಸೆಟ್, ಪೆನ್‌ಡ್ರೈವ್ ಎಲ್ಲ ಸಿಕ್ಕಿಸಿರಿ. ಇಲ್ಲದಿದ್ದರೆ ಯಾವ ಡ್ರೈವರ್ ನೋಡಬೇಕೋ ಅದೇ ಬಿಟ್ಟುಹೋಗುತ್ತದೆ. ಕಾನ್ಫಿಗ್‌ನಲ್ಲಿ ಸಿಸ್ಟಮ್ ಟ್ರಸ್ಟೆಡ್ ಕೀಸ್ ಅನ್ನೋ ಜಾಗ ಖಾಲಿ ಮಾಡಿ, ಇಲ್ಲವಾದರೆ ಕೆನಾನಿಕಲ್ (ಉಬುಂಟು ಕಂಪನಿ) ಸರ್ಟಿಫಿಕೇಟ್ ಸಿಗಲಿಲ್ಲ ಅಂತ ಬಿಲ್ಡ್ ನಿಲ್ಲುತ್ತದೆ. ಮಧ್ಯೆ ಕರೆಂಟ್ ಹೋದರೆ ಗಾಬರಿ ಬೇಡ. ಮತ್ತೆ ಮೇಕ್ (ಬಿಲ್ಡ್ ಮಾಡುವ ಕಮಾಂಡ್) ಕೊಟ್ಟರೆ ಸಾಮಾನ್ಯವಾಗಿ ನಿಂತಲ್ಲಿಂದ ಮುಂದುವರಿಯುತ್ತದೆ. ನಾವು ಬಿಲ್ಡ್ ಮಾಡಿದ್ದಕ್ಕೆ ಡಿಜಿಟಲ್ ಸಹಿ ಇರುವುದಿಲ್ಲ, ಸಹಿ ಇಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿಕೊಳ್ಳಿ.

ಕ್ಯಾತ್ಸಂದ್ರ: ಒಂದು ಸೇರಿಸುತ್ತೇನೆ. ಬಿಲ್ಡ್‌ಗೆ ಮೊದಲು ಉಬುಂಟುವಿನವರೇ ಮಾಡಿಟ್ಟಿರುವ ಮೇನ್‌ಲೈನ್ ಕರ್ನಲ್ (ಮೂಲ ಲಿನಕ್ಸ್‌ನ ಹೊಸ ಆವೃತ್ತಿ) ಹಾಕಿ ನೋಡಿ. ಎಷ್ಟೋ ಸಲ ತೊಂದರೆ ಅಷ್ಟರಲ್ಲಿ ಸರಿಹೋಗಿರುತ್ತದೆ. ಅದರಲ್ಲೂ ಕಪ್ಪೇ ಇದ್ದರೆ 'ಗಿಟ್ ಬೈಸೆಕ್ಟ್' ಮಾಡಿ, ಯಾವ ಬದಲಾವಣೆಯಿಂದ ಕೆಟ್ಟಿತು ಅಂತ ಹುಡುಕುವ ಕಮಾಂಡ್ ಅದು. ಚಿತ್ರ ಬರುವ ಆವೃತ್ತಿ, ಬರದ ಆವೃತ್ತಿ ಎರಡನ್ನೂ ಹೇಳಿದರೆ ಅದು ನಡುವಿನದನ್ನು ಕೊಡುತ್ತದೆ. ಬಿಲ್ಡ್ ಮಾಡಿ, ಕ್ಯಾಮೆರಾ ನೋಡಿ, ಬಂತು ಅಥವಾ ಇಲ್ಲ ಅಂತ ತಿಳಿಸಿ. ಪ್ರತಿ ಸಲ ಅರ್ಧ ಕಡಿಮೆ ಆಗುತ್ತದೆ, ಸಾವಿರ ಬದಲಾವಣೆ ಇದ್ದರೂ 10 ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಆ ಒಂದನ್ನು ಹಿಂದಕ್ಕೆ ತೆಗೆದು ಬಿಲ್ಡ್ ಮಾಡಿದಾಗ ಚಿತ್ರ ಬಂತು ಅಂದರೆ ಕಳ್ಳ ಸಿಕ್ಕ ಹಾಗೆ.

ಆಮೇಲೆ ದಯವಿಟ್ಟು ಡ್ರೈವರ್ ನೋಡಿಕೊಳ್ಳುವವರಿಗೆ ಬರೆಯಿರಿ. ಎಲ್‌ಎಸ್‌ಯುಎಸ್‌ಬಿ ಕಮಾಂಡ್ ತೋರಿಸುವ ಕ್ಯಾಮೆರಾ ನಂಬರ್, ಡಿಮೆಸೇಜ್ (ಕರ್ನಲ್ ಸಂದೇಶ) ಸಾಲುಗಳು, ಬೈಸೆಕ್ಟ್ ಹಿಡಿದ ಬದಲಾವಣೆ, ಇಷ್ಟು ಸಾಕು. ನಿಮ್ಮ ಕ್ಯಾಮೆರಾ ಅವರ ಹತ್ತಿರ ಇರಲಿಕ್ಕಿಲ್ಲ, ಅಲ್ವಾ? ಅವರು ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿದರೆ ಹಾಕಿ ನೋಡಿ ಉತ್ತರ ಕೊಡಿ. ಅಲ್ಲಿಯವರೆಗೆ ಹಳೇ ಕರ್ನಲ್ ಅಳಿಸಿಹೋಗದ ಹಾಗೆ 'ಆಪ್ಟ್-ಮಾರ್ಕ್ ಮ್ಯಾನ್ಯುಯಲ್' ಕಮಾಂಡ್ ಕೊಟ್ಟಿಡಿ.